ಬಾಗಿಲಿಲ್ಲದ ಬಸವನಹುಳು

ನನಗೊಂದು ಕಾಯಿಲೆಯಿದೆ. ಯಾವ ಡಾಕ್ಟರಿಗೂ ತೋರಿಸಿಲ್ಲ. ತೋರಿಸುವ ಅಗತ್ಯವೂ ಇಲ್ಲ, ಅದು ತಾನಾಗಿಯೇ ಎಲ್ಲರಿಗೂ ಕಾಣುತ್ತದೆ. ಮನಸ್ಸಿನೊಳಗೆ ಏನು ನಡೆದರೂ ಮರುಕ್ಷಣ ನನ್ನ ಮುಖದ ಮೇಲೆ ಬಂದು ಕೂತುಬಿಡುತ್ತದೆ. ಸಿಟ್ಟು ಬಂದರೆ ಕಿವಿ ಕೆಂಪಾಗುತ್ತವೆ, ಸುಳ್ಳು ಹೇಳಿದರೆ ಮೂಗಿನ ತುದಿ ಬೆವರುತ್ತದೆ, ಯಾರದಾದರೂ ಕಷ್ಟ ಕೇಳಿದರೆ ಅವರಿಗಿಂತ ಮೊದಲು ನನ್ನ ಕಣ್ಣು ತುಂಬುತ್ತದೆ. ಇಸ್ಪೀಟು ಆಡುವಾಗ ನನ್ನ ಗೆಳೆಯರು ನನ್ನ ಕೈಯಲ್ಲಿರುವ ಎಲೆಗಳನ್ನು ಊಹಿಸುವ ಗೋಜಿಗೇ ಹೋಗುವುದಿಲ್ಲ. ಎದುರಿಗೆ ಕೂತು, ಮುಖ ನೋಡಿ, ಆಡಿಬಿಡುತ್ತಾರೆ. ಹಾಗಾಗಿ ಎಲ್ಲರೂ ನನ್ನನ್ನು ಬಹಳ ಪ್ರೀತಿಯಿಂದ ಆಟಕ್ಕೆ ಕರೆಯುತ್ತಾರೆ.

ಹೆಣ್ಣು ನೋಡಲು ಹೋದಾಗಲೂ ಇದೇ ಕಥೆ. ತಟ್ಟೆಯಲ್ಲಿ ಕೇಸರಿಬಾತು ಕೊಟ್ಟರು. ತುಪ್ಪ ಕಮಟು. ಭಾವೀ ಅತ್ತೆಯವರು 'ಹೇಗಿದೆ?' ಅಂದರು. ನಾನು 'ತುಂಬಾ ಚೆನ್ನಾಗಿದೆ' ಅಂದೆ. ಅವರು ಒಮ್ಮೆ ನನ್ನ ಮುಖ ನೋಡಿ, ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಸಂಬಂಧ ಅಲ್ಲಿಗೇ ಮುರಿಯಿತು ಅಂದುಕೊಂಡೆ. ಬಾಗಿಲ ಹಿಂದೆ ನಿಂತು ಇದನ್ನೆಲ್ಲ ನೋಡುತ್ತಿದ್ದ ಹುಡುಗಿ ಒಪ್ಪಿಬಿಟ್ಟಳು. ಯಾಕೆ ಎಂದು ಮದುವೆಯಾದ ಮೇಲೆ ಕೇಳಿದೆ. 'ಸುಳ್ಳು ಹೇಳೋಕೆ ನೋಡಿದ್ರಿ, ಬರಲಿಲ್ಲ. ಅಷ್ಟು ಸಾಕಲ್ಲ?' ಅಂದಳು ಗಿರಿಜಾ. ಆ ಮೆಚ್ಚುಗೆ ಬಹಳ ದಿನ ಉಳಿಯಲಿಲ್ಲ ಅನ್ನಿ. ಈಗ ಹೇಳುವುದೇ ಬೇರೆ: 'ನೀವು ಊಟ ಮಾಡಿ ಜಗಲಿ ಮೇಲೆ ನಿಂತ್ರೆ ಸಾಕು, ನಮ್ಮನೆ ಸಾರಿಗೆ ಉಪ್ಪು ಎಷ್ಟು ಬಿದ್ದಿತ್ತು ಅಂತ ಇಡೀ ಲಗ್ಗೆರೆಗೆ ಗೊತ್ತಾಗುತ್ತೆ.'

ಆಮೆ ತನ್ನ ಕೈಕಾಲು ತಲೆಗಳನ್ನು ಚಿಪ್ಪಿನೊಳಗೆ ಎಳೆದುಕೊಳ್ಳುವ ಹಾಗೆ ಮನುಷ್ಯ ತನ್ನನ್ನು ಒಳಕ್ಕೆ ಎಳೆದುಕೊಳ್ಳಬೇಕು, ಅವನೇ ಜ್ಞಾನಿ ಎಂದು ಹಿರಿಯರು ಹೇಳುತ್ತಾರೆ. ಹರಿಕಥೆಯಲ್ಲಿ ದಾಸರು ಇದನ್ನು ಅಭಿನಯಿಸಿ ತೋರಿಸುತ್ತ ಶಾಲಿನೊಳಗೆ ತಲೆ ಮುಚ್ಚಿಕೊಂಡದ್ದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಒಪ್ಪುವ ಮಾತೇ. ಆದರೆ ಎಳೆದುಕೊಳ್ಳಲು ಮೊದಲು ಒಂದು ಚಿಪ್ಪು ಬೇಕಲ್ಲ ಸ್ವಾಮಿ? ಅದಿಲ್ಲದವನು ಏನು ಮಾಡಬೇಕು ಎಂದು ದಾಸರು ಹೇಳಲಿಲ್ಲ. ನನಗೆ ಅದನ್ನು ಹೇಳಿಕೊಟ್ಟದ್ದು ಸಮುದ್ರದ ಒಂದು ಬಸವನಹುಳು, ಅದನ್ನು ಅರ್ಥ ಮಾಡಿಸಿದ್ದು ಪೀಣ್ಯದ ಆಸಿಡ್ ತೊಟ್ಟಿ.

ಪೀಣ್ಯದ ಬಗ್ಗೆ ಒಂದೆರಡು ಮಾತು ಹೇಳಿಬಿಡುತ್ತೇನೆ. ಆಗಿನ್ನೂ ಎಂಬತ್ತರ ದಶಕ ಕಣ್ಣು ಬಿಡುತ್ತಿತ್ತು. ಎರಡು ಕಾರ್ಖಾನೆಗಳ ನಡುವೆ ಒಂದು ರಾಗಿ ಹೊಲ, ಎರಡು ರಾಗಿ ಹೊಲಗಳ ನಡುವೆ ಒಂದು ಕಾರ್ಖಾನೆ ಎನ್ನುವ ಹಾಗಿತ್ತು ಊರು. ಬೆಳಿಗ್ಗೆ ಲಗ್ಗೆರೆಯಿಂದ ಸೈಕಲ್ ತುಳಿದು ಬರುವಾಗ ಒಂದು ಕಿವಿಗೆ ಸೈರನ್ನು, ಇನ್ನೊಂದು ಕಿವಿಗೆ ಎತ್ತಿನ ಗಂಟೆ. ನಾನು ಕೆಲಸ ಮಾಡುತ್ತಿದ್ದದ್ದು ಒಂದು ಸಣ್ಣ ಪ್ಲೇಟಿಂಗ್ ಶಾಪಿನಲ್ಲಿ. ದೊಡ್ಡ ಕಾರ್ಖಾನೆಗಳವರು ನಲ್ಲಿ, ಚಿಲಕ, ಸೈಕಲ್ ಹ್ಯಾಂಡಲ್ಲು ಇಂಥವನ್ನು ಕಳಿಸುತ್ತಿದ್ದರು. ನಾವು ಅವನ್ನು ತೊಟ್ಟಿಯ ದ್ರಾವಣಕ್ಕೆ ಇಳಿಸಿ, ಮೇಲೆ ನಿಕ್ಕಲ್ಲೋ ಕ್ರೋಮೋ ಲೇಪ ಕೊಟ್ಟು ಫಳಫಳ ಹೊಳೆಯಿಸಿ ವಾಪಸು ಕಳಿಸುತ್ತಿದ್ದೆವು. ಒಟ್ಟಿನಲ್ಲಿ ಮೆತ್ತಗಿರುವುದಕ್ಕೆ ಗಟ್ಟಿ ಹೊದಿಕೆ ಕೊಡುವುದೇ ನಮ್ಮ ಕಸುಬು. ನನ್ನಂಥವನು ಅಲ್ಲಿ ಹೇಗೆ ಸೇರಿಕೊಂಡ ಎನ್ನುವುದು ಬೇರೆ ಮಾತು. ತೊಟ್ಟಿ ಕೆಲಸದಲ್ಲಿ ಕೈ ಪಳಗಿತ್ತು ಅಂತ ಯಜಮಾನರು ನನ್ನನ್ನು ಸೂಪರ್‌ವೈಸರ್ ಮಾಡಿ, ಗಾಜಿನ ಕ್ಯಾಬಿನ್ನಿನಲ್ಲಿ ಒಂದು ಕುರ್ಚಿ ಹಾಕಿಸಿಕೊಟ್ಟರು.

ಗಾಜಿನ ಕ್ಯಾಬಿನ್ನು! ಮುಖದಲ್ಲಿ ಏನೂ ಮುಚ್ಚಿಡಲು ಬಾರದವನನ್ನು ಯಾರಾದರೂ ಗಾಜಿನ ಪೆಟ್ಟಿಗೆಯಲ್ಲಿ ಕೂರಿಸುತ್ತಾರೆಯೇ? ಒಂದು ದಿನ ದೊಡ್ಡ ಕಾರ್ಖಾನೆಯೊಂದರ ಪರ್ಚೇಸ್ ಆಫೀಸರ್ ಮಾಲು ನೋಡಲು ಬಂದರು. ಆ ಲಾಟು ಸ್ವಲ್ಪ ಕೆಟ್ಟಿತ್ತು. ಹೊಳಪು ಇತ್ತು, ಹಿಡಿತ ಇರಲಿಲ್ಲ, ಆರು ತಿಂಗಳಲ್ಲಿ ಸಿಪ್ಪೆ ಏಳುವಂಥದ್ದು. ಯಜಮಾನರು 'ಫಸ್ಟ್ ಕ್ಲಾಸ್ ಮಾಲು ಸಾರ್, ಕಣ್ಣು ಮುಚ್ಚಿಕೊಂಡು ತಗೊಂಡು ಹೋಗಿ' ಅಂದರು. ಆ ಮಹಾನುಭಾವರು ಕಣ್ಣು ಮುಚ್ಚಲಿಲ್ಲ. ಪಕ್ಕದಲ್ಲಿ ನಿಂತಿದ್ದ ನನ್ನ ಮುಖ ನೋಡಿದರು. ನೋಡಿ, 'ಇನ್ನೊಂದು ಸಲ ಮಾಡಿ ಕಳಿಸಿ' ಎಂದು ಹೊರಟೇಹೋದರು. ಅವತ್ತು ಯಜಮಾನರು ನನ್ನನ್ನು ಬೈದ ಬೈಗುಳ ತೊಟ್ಟಿಯ ಆಸಿಡ್ಡಿಗಿಂತ ಖಾರವಾಗಿತ್ತು. 'ನಾನು ಬಾಯಲ್ಲಿ ಏನೂ ಹೇಳಲಿಲ್ಲ ಸಾರ್' ಅಂದೆ. 'ಬಾಯಲ್ಲಿ ಹೇಳಿದ್ರೆ ತಡೀಬೋದಿತ್ತು ಕಣ್ರೀ!' ಅಂದರು.

ಇಷ್ಟಕ್ಕೇ ನಿಂತಿದ್ದರೆ ಸರಿಹೋಗುತ್ತಿತ್ತು. ನಡುವೆ ಮುನಿರಾಜುವಿನ ಪ್ರಸಂಗ ಬಂತು.

ಮುನಿರಾಜು ನಮ್ಮ ನಿಕ್ಕಲ್ ತೊಟ್ಟಿಯವನು. ಲಗ್ಗೆರೆಯ ಮೂಲ ಒಕ್ಕಲು. ಅವರಪ್ಪನ ಹೊಲ ಬಹುಪಾಲು ಕಾರ್ಖಾನೆಗಳಿಗೆ ಹೋಗಿ, ಊರಾಚೆ ಒಂದು ತುಂಡು ಉಳಿದಿತ್ತು. ಆ ತುಂಡಿನ ರಾಗಿ ಮನೆಯ ಮುದ್ದೆಗೆ; ಮಿಕ್ಕಿದ್ದೆಲ್ಲ, ಅಂದರೆ ಹೆಣ್ಣುಮಕ್ಕಳಿಬ್ಬರ ಶಾಲೆ, ಅವ್ವನ ಔಷಧಿ, ಮೈಮೇಲಿನ ಬಟ್ಟೆ, ಎಲ್ಲ ಈ ತೊಟ್ಟಿಯಿಂದ ಬರಬೇಕು. ಕೆಲಸಗಾರ ಅಂದರೆ ಕೆಲಸಗಾರ. ಆದರೆ ಬಿತ್ತನೆಗೆ ಹದವಾದರೆ ಮಾತ್ರ ಮಾಯ. ಕಳೆ ಕೀಳುವ ಹೊತ್ತಿಗೆ ಮತ್ತೆ ಮಾಯ. ಬಂದ ಮೇಲೆ ಕೇಳಿದರೆ ತಲೆ ಕೆರೆದುಕೊಂಡು, 'ಏನ್ ಮಾಡ್ಲಿ ಸಾ, ಹದ ಬಂದ್ಬುಡ್ತು. ಅದು ರಜಾ ಚೀಟಿ ಕೇಳ್ಕೊಂಡ್ ಬತ್ತದಾ?' ಅನ್ನುತ್ತಿದ್ದ. ನನಗೆ ನಗು ಬಂದುಬಿಡುತ್ತಿತ್ತು. ನಕ್ಕವನು ಗದರಿಸುವುದೆಲ್ಲಿ ಬಂತು!

ಆ ವರ್ಷ ಆಯುಧಪೂಜೆ ದಿನ ಯಂತ್ರಗಳಿಗೆಲ್ಲ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಕಡ್ಲೆಪುರಿ ಹಂಚಿದ ಮೇಲೆ ಯಜಮಾನರು ನನ್ನನ್ನು ಒಳಗೆ ಕರೆದರು. 'ನಂಜುಂಡಯ್ಯ, ಸೂಪರ್‌ವೈಸರ್ ಅಂದ್ರೆ ಸ್ವಲ್ಪ ಗಟ್ಟಿ ಇರ್ಬೇಕು. ಮುಂದೆ ಕೊಯ್ಲು ಬರುತ್ತೆ, ಆ ಮುನಿರಾಜು ಮತ್ತೆ ಕೈ ಕೊಡ್ತಾನೆ. ನೀವು ರಜ ಮುಗಿಸ್ಕೊಂಡು ಬನ್ನಿ. ಬಂದಮೇಲೆ ಏನಾದ್ರೂ ಒಂದು ಕಾರಣ ಹುಡುಕಿ ಅವನನ್ನ ಕಳ್ಸಿಬಿಡಿ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಆ ಕುರ್ಚಿಗೆ ಬೇರೆಯವರನ್ನ ನೋಡ್ಕೋತೀನಿ' ಅಂದರು. ಬಾಯಲ್ಲಿದ್ದ ಕಡ್ಲೆಪುರಿಯನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ರಜಕ್ಕೆ ನಾವು ಹೋದದ್ದು ಕಾರವಾರಕ್ಕೆ. ಗಿರಿಜಾಳ ಅಣ್ಣ ಅಲ್ಲಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ನಮ್ಮ ಭಾವನಿಗೆ ಮನುಷ್ಯರ ವಿಷಯದಲ್ಲಿ ಅಷ್ಟೇನೂ ಆಸಕ್ತಿಯಿಲ್ಲ. ಬೆನ್ನುಮೂಳೆ ಇರುವ ಪ್ರಾಣಿಗಳೆಲ್ಲ ಒಂದೇ ಥರ, ಏನಿದೆ ಅದರಲ್ಲಿ ಎನ್ನುವ ಪೈಕಿ. ಬೆಳಕು ಹರಿಯುವ ಮುಂಚೆ ನನ್ನನ್ನು ಎಬ್ಬಿಸಿ, 'ಏಳಯ್ಯಾ, ನೀರು ಇಳಿದಿದೆ' ಎಂದು ಪಂಚೆ ಎತ್ತಿ ಕಟ್ಟಿಸಿ ಬಂಡೆಗಳ ಕಡೆ ಕರೆದೊಯ್ದರು. ಸಮುದ್ರ ಹಿಂದೆ ಸರಿದು, ಬಂಡೆಗಳ ನಡುವೆ ಅಲ್ಲಲ್ಲಿ ನೀರು ನಿಂತಿತ್ತು. ಅಂಥ ಒಂದು ಹೊಂಡದ ಮುಂದೆ ಭಾವ ಕುಕ್ಕರುಗಾಲಲ್ಲಿ ಕೂತು, 'ಅಬ್ಬಾ! ನಿನ್ನ ಅದೃಷ್ಟ ಕಣೋ. ಇದು ಸಿಕ್ಕೋದೇ ಅಪರೂಪ' ಅಂದರು.

ಬಗ್ಗಿ ನೋಡಿದೆ. ಮೊದಲಿಗೆ ಯಾರೋ ಒಂದು ಗುಲಾಬಿ ಹೂವನ್ನು ನೀರಿಗೆ ಬಿಟ್ಟಿದ್ದಾರೆ ಅನ್ನಿಸಿತು. ಆ ಹೂವು ನಡೆಯುತ್ತಿತ್ತು. ನೆರಿಗೆ ನೆರಿಗೆಯಾಗಿ ಹರಡಿದ ಕೆಂಪು ಗುಲಾಬಿ ಬಣ್ಣದ ಮೈ. ಅಂಚಿಗೆ ಉದ್ದಕ್ಕೂ ನೀಲಿ ಬೆರೆತ ಬೆಳ್ಳಿಯ ಹೊಳಪು, ಜರಿ ಅಂಚಿನ ಲಂಗ ತೊಟ್ಟು ಹೊರಟ ಹಾಗೆ. ಬೆನ್ನ ಮೇಲೆ ಸಣ್ಣ ನಿಂಬೆಹಣ್ಣಿನಷ್ಟು ದೊಡ್ಡ ದುಂಡನೆಯ ಚಿಪ್ಪು. ಬಿಳಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಕಂದು ಗೆರೆಗಳು, ಯಾರೋ ಪುರಸೊತ್ತಾಗಿ ಕೂತು ಎಳೆದ ಹಾಗೆ. ಭಾವ ಹೇಳಿದರು, ಇದೂ ಬಸವನಹುಳುವೇ ಅಂತೆ. ಚಿಪ್ಪು ನೀರಿನ ಗುಳ್ಳೆಯಷ್ಟು ತೆಳುವಾದ್ದರಿಂದ ಗುಳ್ಳೆ ಬಸವನಹುಳು ಅನ್ನುತ್ತಾರಂತೆ.

ನಮ್ಮ ಹಿತ್ತಲಿನ ಬಸವನಹುಳುವಿಗೆ ಆ ಹೆಸರು ಬಂದದ್ದು ಅದರ ಕೊಂಬುಗಳಿಂದ ಇರಬೇಕು. ಇದರ ತಲೆಯಲ್ಲಿ ಅಂಥ ಬಸವನ ಗತ್ತೇನೂ ಇರಲಿಲ್ಲ. ಅಗಲಕ್ಕೆ, ಚಪ್ಪಟೆಗೆ, ಸಲಿಕೆಯ ಹಾಗೆ ಇತ್ತು. ಆ ಸಲಿಕೆಯಲ್ಲೇ ಮರಳು ತೋಡಿಕೊಂಡು ಹಗಲೆಲ್ಲ ಹುದುಗಿರುತ್ತದಂತೆ, ಬೆಳಕು ಕಮ್ಮಿಯಾದ ಮೇಲೆ ಹೊರಗೆ ಬರುತ್ತದಂತೆ. ತಲೆಯ ಮೇಲೆ ಸಾಸಿವೆಗಿಂತ ಸಣ್ಣ ಎರಡು ಕಪ್ಪು ಕಣ್ಣು. ಅವು ಏನನ್ನೂ ಸರಿಯಾಗಿ ಕಾಣುವುದಿಲ್ಲ, ಬೆಳಕು ಕತ್ತಲೆ ಗೊತ್ತಾದರೆ ಹೆಚ್ಚು ಅಂದರು ಭಾವ. ಇಷ್ಟು ಚೆಂದದ ಲಂಗ ತೊಟ್ಟ ಪ್ರಾಣಿಗೆ ತನ್ನ ಲಂಗ ನೋಡಿಕೊಳ್ಳುವ ಭಾಗ್ಯವಿಲ್ಲ ನೋಡಿ.

ಭಾವ ಒಂದು ಕಡ್ಡಿಯಿಂದ ಮೆಲ್ಲಗೆ ಅದರ ಅಂಚನ್ನು ಮುಟ್ಟಿದರು. ಹುಳು ಗಾಬರಿಯಾಗಿ ಮುದುರಿಕೊಂಡಿತು. ಚಿಪ್ಪಿನೊಳಗೆ ಹೋಗಲು ನೋಡಿತು. ಅರ್ಧ ಹೋಯಿತು. ಉಳಿದ ಅರ್ಧ ಲಂಗ ಹೊರಗೇ ಇತ್ತು. ಇನ್ನಷ್ಟು ಎಳೆದುಕೊಂಡಿತು, ಇನ್ನೊಂದು ಕಡೆಯಿಂದ ಇನ್ನೊಂದಿಷ್ಟು ಹೊರಗೆ ಬಂತು. ತುಂಬಿದ ಟ್ರಂಕಿನ ಮುಚ್ಚಳ ಹಾಕುವಾಗ ಸೀರೆಯ ಅಂಚು ಹೊರಗೆ ಇಣುಕುತ್ತದಲ್ಲ, ಹಾಗೆ. 'ಹೋಗೋದಿಲ್ಲ ಕಣೋ, ಅದರ ಮೈ ಪೂರ್ತಿ ಚಿಪ್ಪಿನೊಳಗೆ ಹಿಡಿಸೋದೇ ಇಲ್ಲ' ಎಂದು ಭಾವ ನಕ್ಕರು. ನನಗೆ ನಗು ಬರಲಿಲ್ಲ. ಒಳಗೆ ಹೋಗಲು ನೋಡಿ, ಹೋಗಲಾಗದೆ, ಎಲ್ಲರೆದುರು ಅರ್ಧಂಬರ್ಧ ಕೂತ ಆ ಸಂಕಟ ನನಗೆ ಬಹಳ ಪರಿಚಯದ್ದು.

'ಬಾಗಿಲೂ ಇಲ್ಲವಾ?' ಎಂದು ಕೇಳಿದೆ. ಕೆಲವು ಶಂಖದ ಹುಳುಗಳು ಒಳಗೆ ಹೋದಮೇಲೆ ಬಿಲ್ಲೆಯಂಥ ಒಂದು ಕದ ಮುಚ್ಚಿಕೊಳ್ಳುವುದನ್ನು ನೋಡಿದ್ದೆ. ಅದಕ್ಕೆ ಭಾವ ಹೇಳಿದ್ದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಈ ಹುಳು ಜೆಲ್ಲಿಯ ಸುರುಳಿಯೊಳಗೆ ಸಾಬೂದಾನಿಗಿಂತ ಸಣ್ಣ ಬಿಳಿ ಮೊಟ್ಟೆಗಳನ್ನು ಜೋಡಿಸಿ, ಅಲೆ ಎಳೆದುಕೊಂಡು ಹೋಗದ ಹಾಗೆ ಒಂದು ಲೋಳೆಯ ದಾರದಿಂದ ಮರಳಿಗೆ ಕಟ್ಟಿಹಾಕುತ್ತದಂತೆ. ಗಂಡು ಹೆಣ್ಣು ಎಂಬ ಭೇದವಿಲ್ಲ, ಪ್ರತಿಯೊಂದೂ ಎರಡೂ ಹೌದು. ಆದ್ದರಿಂದ ಹೆಣ್ಣು ನೋಡುವ ಶಾಸ್ತ್ರ, ಕಮಟು ಕೇಸರಿಬಾತು ಯಾವ ತಾಪತ್ರಯವೂ ಇಲ್ಲ. ಮೊಟ್ಟೆಯಿಂದ ಹೊರಬಂದ ಮರಿ ಕಣ್ಣಿಗೆ ಕಾಣದಷ್ಟು ಚಿಕ್ಕದು. ಆ ಮರಿಗೆ ಚಿಪ್ಪೂ ಇರುತ್ತದೆ, ಕದವೂ ಇರುತ್ತದೆ. ಬೆಳೆಯುತ್ತ ಬೆಳೆಯುತ್ತ ಕದವನ್ನು ಬಿಟ್ಟುಬಿಡುತ್ತದೆ. 'ನಾವು ದೊಡ್ಡವರಾದ ಹಾಗೆ ಬಾಗಿಲು ಹಾಕೋದನ್ನ ಕಲೀತೀವಿ. ಇದು ಬಾಗಿಲು ಕಿತ್ತು ಬಿಸಾಕುತ್ತೆ' ಅಂದರು ಭಾವ.

ಇದರ ದಾಯಾದಿಗಳಲ್ಲಿ ಕೆಲವು ಚಿಪ್ಪನ್ನೇ ಪೂರ್ತಿ ಬಿಟ್ಟು ಬರೀ ಮೈಯಲ್ಲಿ ತಿರುಗುತ್ತವೆಯಂತೆ. ಇದು ಪೂರ್ತಿ ಬಿಡಲೂ ಇಲ್ಲ, ಗಟ್ಟಿಯಾಗಿ ಇಟ್ಟುಕೊಳ್ಳಲೂ ಇಲ್ಲ. ಹಾಗಾದರೆ ಬದುಕುವುದು ಹೇಗೆ? ಏಡಿ, ಮೀನು ಇವೆಲ್ಲ ಸುಮ್ಮನಿರುತ್ತವೆಯೇ? ಭಾವ ಹೊಂಡದ ಮರಳನ್ನು ತೋರಿಸಿದರು. ಅದರೊಳಗೆ ದಾರದಂಥ ಹುಳುಗಳಿರುತ್ತವೆ. ಈ ಸುಂದರಿಯ ಊಟ ಅದೇ. ಆ ಹುಳುಗಳ ಮೈಯಲ್ಲಿ ನಂಜಿರುತ್ತದೆ. ಇದು ಅವನ್ನು ತಿಂದು ಅರಗಿಸಿಕೊಂಡು, ಆ ನಂಜನ್ನು ತನ್ನ ಮೈಯಲ್ಲೇ ಇಟ್ಟುಕೊಳ್ಳುತ್ತದೆ ಎಂದು ಅನುಮಾನ, ಇನ್ನೂ ಖಚಿತವಿಲ್ಲ ಅಂದರು. ಮೈಮೇಲಿನ ಬಣ್ಣವೇ 'ನನ್ನ ತಂಟೆಗೆ ಬರಬೇಡ' ಎನ್ನುವ ಬೋರ್ಡು ಇರಬಹುದಂತೆ. 'ನಂಜುಂಡು ಬದುಕೋ ಪ್ರಾಣಿ. ನಿನ್ನ ಹೆಸರೇ ಇಡಬೋದಿತ್ತು' ಎಂದು ನನ್ನ ಬೆನ್ನು ತಟ್ಟಿದವರು, ನನ್ನ ಮುಖ ನೋಡಿ ಕೈ ತೆಗೆದರು. 'ಏನಾಯ್ತೋ?' ಅಂದರು.

ಹೇಳಿದೆ. ಮುನಿರಾಜು, ಕೊಯ್ಲು, ಕುರ್ಚಿ ಎಲ್ಲವನ್ನೂ. ಭಾವ ಹುಳುವಿನ ಕಡೆ ಕೈ ತೋರಿಸಿದರು. ಅದು ಆಗಲೇ ಭಯ ಮರೆತು ಲಂಗ ಹರಡಿಕೊಂಡು ಹೊರಟಿತ್ತು. 'ನಿನಗೆ ಚಿಪ್ಪು ಹಿಡಿಸೋದಿಲ್ಲ. ಚಿಪ್ಪು ಬೇಕಾಗಿರೋ ಕೆಲಸ ಯಾಕೆ ಒಪ್ಪಿಕೊಂಡೆ?' ಅಂದರು. ಹುಳುವನ್ನು ಹಾಗೇ ಬಿಟ್ಟು ಬಂದೆವು. ಹೊರಡುವ ದಿನ ಭಾವ ತಮ್ಮ ಮೇಜಿನಿಂದ ಅಂಥದ್ದೇ ಒಂದು ಖಾಲಿ ಚಿಪ್ಪು ತೆಗೆದು, ಹತ್ತಿಯಲ್ಲಿ ಸುತ್ತಿ, ಇಂಕು ಬಾಟಲಿಯ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ಹಿಡಿದರೆ ಕೈಗೆ ಭಾರವೇ ತಿಳಿಯದು. ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳು ನೆರಳಾಗಿ ಕಾಣುತ್ತಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಗುವನ್ನು ಹಿಡಿದ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಗಿರಿಜಾ ಸಾಮಾನಿನ ಚೀಲಗಳನ್ನೆಲ್ಲ ಒಬ್ಬಳೇ ಹೊತ್ತು, ಒಂದೆರಡು ಸಲ ಪೆಟ್ಟಿಗೆಯ ಕಡೆ ನೋಡಿದಳು.

ಕೆಲಸಕ್ಕೆ ವಾಪಸು ಹೋದಾಗ ಆ ಚಿಪ್ಪನ್ನು ಕ್ಯಾಬಿನ್ನಿನ ಮೇಜಿನ ಮೇಲಿಟ್ಟೆ. ಮುನಿರಾಜು ಚಾ ತಂದವನು ನೋಡಿ ಬೆರಗಾದ. ಎರಡು ಕೈಯಲ್ಲೂ ಹಿಡಿದು, 'ಎಷ್ಟು ತೆಳ್ಳಗೈತಲ್ಲ ಸಾ! ಇದು ಉಳಿಯಾಕಿಲ್ಲ, ಯಾರಾನಾ ಕೈ ತಗಲಿಸಿದ್ರೆ ಪುಡಿ' ಅಂದ. ಆಮೇಲೆ ನನ್ನ ಮುಖ ನೋಡಿದ. ನಾನು ತಕ್ಷಣ ಚಾ ಲೋಟದೊಳಕ್ಕೆ ಮುಖ ಇಳಿಸಿದೆ. ಆದರೆ ಲೋಟ ಎಷ್ಟು ದೊಡ್ಡದಿದ್ದೀತು? ಕಿವಿಗಳು ಹೊರಗೇ ಉಳಿದಿದ್ದವು. ಅವನು ಚಿಪ್ಪನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, 'ಸಾ, ನನ್ನ ತೆಗೀತಾವ್ರಾ?' ಎಂದು ಕೇಳಿದ. 'ಛೆ ಛೆ, ಯಾರು ಹೇಳಿದ್ದು?' ಅಂದೆ. 'ಯಾರೂ ಯೋಳ್ಲಿಲ್ಲ ಬುಡಿ ಸಾ' ಎಂದು ಲೋಟ ತೆಗೆದುಕೊಂಡು ಹೋದ. ಆ ದಿನ ನನಗೆ ನನ್ನ ಮುಖದ ಮೇಲೆ ಬಂದಷ್ಟು ಸಿಟ್ಟು ಮತ್ಯಾರ ಮೇಲೂ ಬಂದಿಲ್ಲ.

ಮಾರನೆಯ ದಿನ ಮಧ್ಯಾಹ್ನ ಊಟ ಮುಗಿಸಿ ಬಂದರೆ ಮೇಜಿನ ಮೇಲೆ ಪೆಟ್ಟಿಗೆ ಇದೆ, ಹತ್ತಿ ಇದೆ, ಚಿಪ್ಪಿಲ್ಲ. ಹುಡುಕುವಷ್ಟರಲ್ಲಿ ಮುನಿರಾಜು ಬಾಗಿಲಲ್ಲಿ ಬಂದು ನಿಂತ. ಗಂಬೂಟು, ರಬ್ಬರ್ ಗ್ಲೌಸು, ಕೈಯಲ್ಲಿ ಒಂದು ತಾಮ್ರದ ತಂತಿ. ತಂತಿಯ ತುದಿಯ ಕೊಕ್ಕೆಯಲ್ಲಿ ಏನೂ ಇಲ್ಲ.

'ಸಾ, ಅದು ಓಯ್ತು' ಅಂದ.

'ಎಲ್ಲಿಗೆ ಹೋಯ್ತು?'

'ಗೊತ್ತಿಲ್ಲ ಸಾ. ಬುಸ್ ಅಂತು. ಆಮೇಕೆ ನೋಡ್ತೀನಿ, ಇಲ್ಲ.'

ಆಗಿದ್ದು ಇಷ್ಟು. ನಮ್ಮ ಯಜಮಾನರ ಮೇಜಿನ ಮೇಲೆ ಒಂದು ಅರಳಿ ಎಲೆಯಿತ್ತು. ಅದಕ್ಕೆ ತೊಟ್ಟಿಯ ಕರೆಂಟು ಹರಿಯಲೆಂದು ಪೆನ್ಸಿಲ್ ಸೀಸದ ಕರಿ ಪುಡಿ ಸವರಿ, ಮೇಲೆ ತಾಮ್ರ, ಅದರ ಮೇಲೆ ನಿಕ್ಕಲ್ ಕೊಟ್ಟು, ಬಂದವರಿಗೆಲ್ಲ ತೋರಿಸಿ ಬೀಗುತ್ತಿದ್ದರು. ಎಲೆಗೆ ಕೊಡಬಹುದಾದರೆ ಚಿಪ್ಪಿಗೆ ಯಾಕಾಗಬಾರದು ಎಂದು ಮುನಿರಾಜು ಯೋಚಿಸಿದ್ದಾನೆ. ಒಡೆಯದ ಹಾಗೆ ಒಂದು ಗಟ್ಟಿ ಕೋಟು ಕೊಟ್ಟುಬಿಟ್ಟರೆ ನನ್ನ ಮೇಜಿನ ಮೇಲೆ ನೂರು ವರ್ಷ ಇರುತ್ತದೆ ಎಂಬುದು ಅವನ ಲೆಕ್ಕ. ಕರಿ ಪುಡಿ ಸವರಿದ್ದಾನೆ, ತಂತಿಗೆ ಹುಷಾರಾಗಿ ಸಿಕ್ಕಿಸಿದ್ದಾನೆ. ಅಲ್ಲಿಗೆ ಎಲ್ಲ ಸರಿ. ಆದರೆ ನಮ್ಮ ಶಾಪಿನಲ್ಲಿ ಯಾವ ಮಾಲೂ ನೇರ ತೊಟ್ಟಿಗೆ ಇಳಿಯುವಂತಿಲ್ಲ. ಮೊದಲು ಆಸಿಡ್ಡಿಗೆ ಅದ್ದಬೇಕು. ತುಕ್ಕು, ಜಿಡ್ಡು ಏನಿದ್ದರೂ ಅಲ್ಲಿ ಬಿಟ್ಟು ಬರಬೇಕು. ಅವನಿಗೆ ಈ ಪಾಠ ಹೇಳಿಕೊಟ್ಟವನೇ ನಾನು. ಅವನ ಕೈಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ತಲೆ ಯೋಚಿಸುವ ಮುಂಚೆ ಕೈ ಅದ್ದಿಬಿಟ್ಟಿತ್ತು. ಚಿಪ್ಪು ಅಂದರೆ ಸುಣ್ಣ. ಸುಣ್ಣಕ್ಕೆ ಆಸಿಡ್ ಬಿದ್ದರೆ ಏನಾಗುತ್ತದೆ ಎಂದು ಹೈಸ್ಕೂಲು ಮಕ್ಕಳಿಗೂ ಗೊತ್ತು. ಸಾಧಾರಣ ಶಂಖವಾಗಿದ್ದರೆ ತಪ್ಪು ತಿಳಿದು ಎತ್ತಿಕೊಳ್ಳುವಷ್ಟಾದರೂ ಸಮಯ ಸಿಗುತ್ತಿತ್ತು. ಇದು ಗುಳ್ಳೆಯಷ್ಟು ತೆಳುವಿನದು.

'ನಾನು ಓಗೋಕ್ ಮುಂಚೆ ನಿಮಗೆ ಒಂದು ಕೆಲ್ಸ ಮಾಡ್ಕೊಟ್ಟು ಓಗಾನ ಅಂತಿದ್ದೆ ಸಾ' ಅಂದ ಮುನಿರಾಜು. ಚಿಪ್ಪು ಹೋದದ್ದಕ್ಕೆ ನನಗೆ ಬೇಸರವಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ 'ಓಗೋಕ್ ಮುಂಚೆ' ಎಂಬ ಮಾತು ಕೇಳಿದ ಮೇಲೆ ಚಿಪ್ಪಿನ ಯೋಚನೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಇವನು ನನ್ನ ಮುಖ ನೋಡಿ ತನ್ನ ಕೆಲಸ ಹೋಯಿತೆಂದು ತಿಳಿದುಕೊಂಡು, ಮನೆಗೆ ಹೋಗಿ, ರಾತ್ರಿ ಕಳೆದು, ಬೆಳಿಗ್ಗೆ ಎದ್ದು ಬಂದು, ಆ ಮುಖದವನ ಚಿಪ್ಪನ್ನು ಗಟ್ಟಿ ಮಾಡಿಕೊಡಲು ಹೊರಟಿದ್ದ.

ಗಾಜಿನ ಆಚೆಯಿಂದ ಇದನ್ನೆಲ್ಲ ನೋಡಿದ ಯಜಮಾನರು ಒಳಗೆ ಬಂದರು. ವಿಷಯ ಕೇಳಿ ತಿಳಿದುಕೊಂಡರು. 'ಓಹೋ! ಕಂಪನಿ ಆಸಿಡ್ಡು, ಕಂಪನಿ ಟೈಮು, ಸ್ವಂತ ಕೆಲಸ. ಕಾರಣ ಹುಡುಕಿ ಅಂದಿದ್ನಲ್ಲ ನಂಜುಂಡಯ್ಯ, ಅದೇ ನಡ್ಕೊಂಡು ಬಂದಿದೆ' ಅಂದರು. ಮಾತು ನಿಜ. ಅದಕ್ಕಿಂತ ಒಳ್ಳೆಯ ಕಾರಣ ಹುಡುಕಿದರೂ ಸಿಗುತ್ತಿರಲಿಲ್ಲ. ನಾನು 'ಹೌದು' ಎಂದು ಒಂದು ಮಾತು ಅಂದಿದ್ದರೆ ಮುಗಿಯಿತು. ಕುರ್ಚಿ ನನ್ನದು, ದಾರಿ ಅವನದು. ಗಟ್ಟಿಯಾಗಬೇಕು ಎಂದುಕೊಂಡೆ. ಒಳಕ್ಕೆ ಎಳೆದುಕೊಳ್ಳಲು ನೋಡಿದೆ. ಅರ್ಧ ಹೋಯಿತು. ಉಳಿದದ್ದು ಕಣ್ಣಿನಿಂದ ಹೊರಗೆ ಬಂತು.

'ಏನ್ರೀ ಇದು, ಒಂದು ಚಿಪ್ಪಿಗೆ ಅಳ್ತೀರಾ?' ಅಂದರು ಯಜಮಾನರು.

'ಚಿಪ್ಪಿಗಲ್ಲ ಸಾರ್' ಅಂದೆ. ಅಳುತ್ತಿದ್ದರೂ ಮಾತು ಮಾತ್ರ ಯಾಕೋ ಸರಿಯಾಗಿ ಬಂತು. 'ಇವನನ್ನ ಕಳಿಸೋದು ನನ್ನ ಕೈಲಿ ಆಗಲ್ಲ. ಇವತ್ತೂ ಆಗಲ್ಲ, ನಾಳೆನೂ ಆಗಲ್ಲ. ಕುರ್ಚಿ ಬೇರೆಯವರಿಗೆ ಕೊಡಿ. ನಾನು ತೊಟ್ಟಿಗೆ ವಾಪಸು ಹೋಗ್ತೀನಿ. ಕೊಯ್ಲಿಗೆ ಇವನು ಹೋದಾಗ ಇವನ ತೊಟ್ಟಿನೂ ನಾನೇ ನೋಡ್ಕೋತೀನಿ. ನಿಮ್ಮ ಮಾಲು ಒಂದೂ ನಿಲ್ಲಲ್ಲ.'

ಯಜಮಾನರು ನನ್ನ ಮುಖವನ್ನು ನೋಡಿದರು. ಚೌಕಾಶಿಗೆ ಜಾಗ ಇದೆಯೇ ಎಂದು ಹುಡುಕಿದರು ಅಂತ ಕಾಣುತ್ತದೆ. ಇರಲಿಲ್ಲ. 'ಹಾಳಾಗಿ ಹೋಗಿ, ಇಬ್ಬರೂ ತೊಟ್ಟಿ ಹತ್ರ ನಡೀರಿ' ಎಂದು ಹೊರಟುಹೋದರು. ಮುಖ ನೋಡಿ ಮಣೆ ಹಾಕು ಎನ್ನುತ್ತಾರೆ. ನನ್ನ ಮುಖ ನೋಡಿ ಹಾಕಿದ್ದ ಮಣೆಯನ್ನು ಎಳೆದುಕೊಂಡರು.

ಸಂಜೆ ಮನೆಗೆ ಹೋದರೆ ಗಿರಿಜಾ ಗೇಟಿನ ಹತ್ತಿರವೇ ನಿಂತಿದ್ದಳು. ಸೈಕಲ್ ನಿಲ್ಲಿಸುವ ಮೊದಲೇ 'ಕುರ್ಚಿ ಹೋಯ್ತಾ?' ಅಂದಳು. ಹೂಂ ಅಂದೆ. 'ಮುನಿರಾಜು?' ಅಂದಳು. 'ಇದಾನೆ' ಅಂದೆ. 'ಸರಿ, ಕೈಕಾಲು ತೊಳ್ಕೊಳ್ಳಿ. ಚಿಪ್ಪೆಲ್ಲಿ?' ಅಂದಳು. ಕಥೆ ಹೇಳಿದೆ. ಅವಳು ನಗಲು ಶುರುಮಾಡಿ, ಬಾಗಿಲಿಗೆ ಒರಗಿ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುವವರೆಗೂ ನಕ್ಕಳು. ಅವತ್ತು ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಇಬ್ಬರೂ ಅದರ ಮಾತೆತ್ತಲಿಲ್ಲ.

ನನ್ನ ಕುರ್ಚಿಗೆ ಬಂದವರು ನಿಜವಾಗಿಯೂ ಗಟ್ಟಿ ಮನುಷ್ಯರು. ನಕ್ಕರೂ ಅತ್ತರೂ ಒಂದೇ ಮುಖ. ಕೊಯ್ಲು ಬಂತು, ಮುನಿರಾಜು ಹೇಳಿಯೇ ಹೋದ, ನಾನು ಗಂಬೂಟು ತೊಟ್ಟು ಎರಡು ತೊಟ್ಟಿಗಳ ನಡುವೆ ಓಡಾಡಿದೆ. ಸೊಂಟ ಬಿದ್ದುಹೋಯಿತು, ಆದರೆ ಎಷ್ಟೋ ತಿಂಗಳ ಮೇಲೆ ಚೆನ್ನಾಗಿ ನಿದ್ದೆ ಬಂತು. ಒಂದು ದಿನ ಆ ಪರ್ಚೇಸ್ ಆಫೀಸರ್ ಮತ್ತೆ ಬಂದರು. ಕ್ಯಾಬಿನ್ನಿನಲ್ಲಿ ಹೊಸ ಸೂಪರ್‌ವೈಸರ್ 'ಫಸ್ಟ್ ಕ್ಲಾಸ್ ಮಾಲು' ಅಂದರು. ಅವರು ಆ ಮುಖದಲ್ಲಿ ಏನನ್ನೋ ಹುಡುಕಿ, ಸಿಗದೆ, 'ಇಲ್ಲಿ ಇನ್ನೊಬ್ಬರು ಇದ್ರಲ್ಲ, ಅವರೆಲ್ಲಿ?' ಎಂದು ಕೇಳಿಕೊಂಡು ಸೀದಾ ತೊಟ್ಟಿಯ ಹತ್ತಿರ ಬಂದರು. ನನ್ನನ್ನು ನೋಡಿದರು, ಲಾಟು ಎತ್ತಿಸಿಕೊಂಡು ಹೋದರು. ಮಾಲು ಚೆನ್ನಾಗಿಯೇ ಇತ್ತು. ಆಮೇಲಾಮೇಲೆ ಯಾರಾದರೂ ಮಾಲು ನೋಡಲು ಬಂದರೆ ಯಜಮಾನರೇ ನನ್ನನ್ನು ಕರೆಸಿ ಪಕ್ಕದಲ್ಲಿ ನಿಲ್ಲಿಸಿಕೊಳ್ಳತೊಡಗಿದರು. ಅದಕ್ಕಾಗಿ ಅವರು ಕೆಟ್ಟ ಲಾಟು ಕಳಿಸುವುದನ್ನೇ ಬಿಡಬೇಕಾಯಿತು, ಪಾಪ. ಕುರ್ಚಿಯನ್ನೇನೂ ವಾಪಸು ಕೊಡಲಿಲ್ಲ. ನಾನೂ ಕೇಳಲಿಲ್ಲ.

ಭಾವನಿಗೆ ಸುದ್ದಿ ಮುಟ್ಟಿ, ಮುಂದಿನ ಸಲ ಬಂದಾಗ ಇನ್ನೊಂದು ಚಿಪ್ಪು ತಂದುಕೊಟ್ಟರು. ಮುನಿರಾಜುವಿಗೆ ತೋರಿಸಿ ಬರುತ್ತೇನೆ ಅಂದೆ. 'ತೋರ್ಸಿ. ಕೈಗೆ ಮಾತ್ರ ಕೊಡಬೇಡಿ' ಅಂದಳು ಗಿರಿಜಾ. ಅಷ್ಟರಲ್ಲಿ ಅವನೇ ಬಂದ, ಹೆಗಲ ಮೇಲೆ ಒಂದು ಚೀಲ ಹೊಸ ರಾಗಿ ಹೊತ್ತುಕೊಂಡು. ಚೀಲ ಇಳಿಸಿ, ನನ್ನ ಅಂಗೈಯಲ್ಲಿದ್ದ ಚಿಪ್ಪನ್ನು ಕಂಡವನೇ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡುಬಿಟ್ಟ. ಹಾಗೇ ಬಗ್ಗಿ ಬಹಳ ಹೊತ್ತು ನೋಡಿದ.

ನಾನು ತಮಾಷೆಗೆ, 'ಏನಪ್ಪಾ, ಇದಕ್ಕೂ ಒಂದು ಕೋಟು ಕೊಡೋಣವಾ?' ಎಂದು ಕೇಳಿದೆ.

'ಬ್ಯಾಡ ಸಾ' ಅಂದ. 'ಇದು ಇಂಗೇ ಇರ್ಲಿ. ಗಟ್ಟಿ ಮಾಡಾಕೋದ್ರೆ ಒಂಟೋಯ್ತದೆ.'

ಹೇಳುವಾಗ ಅವನು ನೋಡುತ್ತಿದ್ದದ್ದು ಚಿಪ್ಪನ್ನಲ್ಲ, ನನ್ನನ್ನು. ನನ್ನ ಮುಖದಲ್ಲಿ ಆಗ ಏನು ಕಾಣುತ್ತಿತ್ತೋ ನನಗೆ ತಿಳಿಯದು. ಅವನಿಗೆ ತಿಳಿದಿರಬೇಕು, ಬೆನ್ನ ಹಿಂದಿನ ಕೈ ಬಿಚ್ಚಿ, ಹೆಗಲ ಮೇಲಿನ ಟವೆಲು ತೆಗೆದು, ಕಣ್ಣು ಒರೆಸಿಕೊಳ್ಳಿ ಎಂದು ನನ್ನ ಕಡೆ ಚಾಚಿದ.